ಬೋರ್‌ವೆಲ್ ನೀರಲ್ಲಿ ಬಟ್ಟೆ ಡೈಪರ್: ವಾಸನೆ ಹೋಗ್ತಿಲ್ಲ, ನೀರೂ ಹೀರ್ತಿಲ್ಲ (ಜೊತೆಗೆ ರಾಗಿ ಸರಿ, ನೆಲ ಒರೆಸೋ ಬಗ್ಗೆ)

ಪುಟ್ಟಿಯಮ್ಮ_ಯಲಹಂಕ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಏಳು ತಿಂಗಳ ಮಗಳು, ನಾಲ್ಕು ವರ್ಷದ ಮಗ ಇದ್ದಾರೆ. ಯಲಹಂಕದ ಕಡೆ ಮೂರನೇ ಮಹಡಿಯ ಫ್ಲ್ಯಾಟು, ನೀರು ಪೂರ್ತಿ ಬೋರ್‌ವೆಲ್‌ನದು. ಟೆರೇಸಿನಲ್ಲಿ ಬಟ್ಟೆ ಹಾಕಲು ಬಿಡುವುದಿಲ್ಲ. ಪೂರ್ವದ ಬಾಲ್ಕನಿಯಲ್ಲಿ ಹನ್ನೊಂದು ಗಂಟೆವರೆಗೆ ಬಿಸಿಲು ಬೀಳುತ್ತದೆ, ಅಷ್ಟೇ.

ಮಗಳಿಗೆ ಅಂಗಡಿ ಡೈಪರ್ ಬಿಡಿಸಿ ಬಟ್ಟೆಯದಕ್ಕೆ ತಂದಿದ್ದೇವೆ. ಹಳೇ ಪಂಚೆ ಹರಿದ ಚೌಕಗಳು ಒಂದಷ್ಟು, ಕೊಂಡ ಪಾಕೆಟ್ ಡೈಪರ್ (ನೀರು ತಡೆಯುವ ಕವರಿನ ಚೀಲದೊಳಗೆ ಹೀರುವ ಪ್ಯಾಡು ತುರುಕುವಂಥದು) ಒಂದಷ್ಟು. ಅಂಟುವಾಳ ಕುದಿಸಿದ ನೀರು ಹಾಕಿ ಫ್ರಂಟ್ ಲೋಡ್ ಮಷೀನಿನಲ್ಲಿ ತಣ್ಣೀರಲ್ಲೇ ಒಗೆಯುತ್ತೇವೆ. ಮೊದಲು ಚೆನ್ನಾಗಿತ್ತು. ಈಗ ಒಣಗಿದ ಬಟ್ಟೆ ಒರಟು, ಮಗು ಉಚ್ಚೆ ಹೊಯ್ದ ಕೂಡಲೇ ಕಣ್ಣು ಚುಚ್ಚುವ ಘಾಟು, ಪಕ್ಕದಿಂದ ಸೋರಿಕೆ. ತೊಡೆಸಂದಿಯಲ್ಲಿ ಸ್ವಲ್ಪ ಕೆಂಪಾಗಿದೆ.

ಇನ್ನೆರಡು ವಿಷಯ. ಮೊಳಕೆ ಕಟ್ಟಿ ಮಾಡುವ ರಾಗಿ ಸರಿ ಹಿಟ್ಟು ಕಹಿ ಬರುತ್ತಿದೆ, ಕಾಯಿಸಿದರೆ ಗಂಟುಗಂಟು, ಗಟ್ಟಿ. ಹಾಗೆಯೇ ಮಗಳು ಅಂಬೆಗಾಲಿಡಲು ಶುರು ಮಾಡಿರುವುದರಿಂದ ನೆಲ ಒರೆಸಲು ಬಯೋ ಎಂಜೈಮ್ (ಸಿಪ್ಪೆ, ಬೆಲ್ಲ ನೀರಲ್ಲಿ ಹುಳಿಸಿ ಮಾಡುವ ದ್ರಾವಣ) ಮಾಡೋಣ ಅಂತ ಕಿತ್ತಳೆ ಸಿಪ್ಪೆ ಕೂಡಿಡುತ್ತಿದ್ದೇನೆ. ಅಳತೆ ತಿಳಿದವರು ಹೇಳಿ. ಗಾಜಿನ ಭರಣಿ ಇದೆ, ಅದರಲ್ಲಿ ಹಾಕಬಹುದಾ?

---

ನೀರಿನಲೆಕ್ಕ

ಮೇಡಂ, ಒರಟುತನ, ಘಾಟು, ಸೋರಿಕೆ ಮೂರಕ್ಕೂ ಮೂಲ ಒಂದೇ: ಗಡಸು ನೀರು, ಮತ್ತು ಬಟ್ಟೆಯೊಳಗೆ ಉಳಿದ ಕೊಳೆ. ಹೊಸ ಡೈಪರ್ ಕೊಳ್ಳಬೇಡಿ, ಇರುವುದನ್ನೇ ಸರಿಮಾಡಬಹುದು.

ಮೊದಲು ನೀರು ನೋಡಿ. ಒಂದು ಬಾಟಲಿಯಲ್ಲಿ ಅರ್ಧ ಬೋರ್‌ವೆಲ್ ನೀರು, ಇನ್ನೊಂದರಲ್ಲಿ ಅಷ್ಟೇ ಆರ್‌ಒ ನೀರು ತೆಗೆದುಕೊಳ್ಳಿ. ಎರಡಕ್ಕೂ ಸಾದಾ ಸೋಪು ಕರಗಿಸಿದ ನೀರನ್ನು ಹತ್ತು ಹತ್ತು ಹನಿ ಬಿಟ್ಟು ಜೋರಾಗಿ ಕುಲುಕಿ. ಆರ್‌ಒ ನೀರಿನಲ್ಲಿ ನೊರೆ ನಿಲ್ಲುತ್ತದೆ. ಗಡಸು ನೀರಿನಲ್ಲಿ ನೊರೆ ಬರದೆ ಮೊಸರು ಒಡೆದ ಹಾಗೆ ಬಿಳಿ ಚೂರು ತೇಲುತ್ತವೆ. ಅದು ಕ್ಯಾಲ್ಸಿಯಂ ಸೋಪು, ನೀರಲ್ಲಿ ಕರಗದು. ಸೋಪಿನಲ್ಲಿ ಒಗೆದ ಬಟ್ಟೆಯ ಎಳೆಗೆ ಅಂಟಿಕೊಂಡು ಮೇಣದ ಪದರ ಕಟ್ಟುವುದು ಇದೇ. ನೀವು ಅಂಟುವಾಳ ಬಳಸುವುದರಿಂದ ಇದು ಕಡಿಮೆ ಇರಬಹುದು, ಆದರೆ ಮಗುವಿನ ಮೈಯ ಎಣ್ಣೆ, ಕ್ರೀಮು, ಗಡಸು ನೀರಿನ ಸುಣ್ಣ ಸೇರಿ ಅದೇ ಪರಿಣಾಮ. ಅಂಕಿ ಬೇಕೆಂದರೆ ಅಕ್ವೇರಿಯಂ ಅಂಗಡಿಗಳಲ್ಲಿ ಗಡಸುತನ ಅಳೆಯುವ ಹನಿ ಕಿಟ್ ಸಿಗುತ್ತದೆ. ಟಿಡಿಎಸ್ ಮೀಟರ್ ನಂಬಬೇಡಿ, ಅದು ಎಲ್ಲ ಲವಣವನ್ನೂ ಒಟ್ಟಿಗೆ ಅಳೆಯುತ್ತದೆ. ಭಾರತೀಯ ಮಾನಕದಲ್ಲಿ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿ.ಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತಾರೆ.

ಘಾಟಿನ ವಿಷಯ. ತಾಜಾ ಉಚ್ಚೆಗೆ ಅಷ್ಟು ನಾತ ಇರುವುದಿಲ್ಲ. ಬಟ್ಟೆಯಲ್ಲಿ ಉಳಿದ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯ ಮಾಡುತ್ತವೆ. ಹೊಯ್ದ ಕೂಡಲೇ ಘಾಟು ಬಂತು ಎಂದರೆ ಹಿಂದಿನ ಒಗೆತದಲ್ಲಿ ಬಟ್ಟೆ ಶುದ್ಧವಾಗಲಿಲ್ಲ ಎಂದರ್ಥ. ಮಗುವಿನ ಚರ್ಮ ಕೆಂಪಾಗಲು ಈ ಅಮೋನಿಯವೂ ಒಂದು ಕಾರಣ.

ಮರುಸ್ಥಿತಿಗೆ ತರುವುದು ಹೀಗೆ, ಕ್ರಮ ತಪ್ಪಿಸಬೇಡಿ:

10 ಲೀಟರ್ ಬಿಸಿ ನೀರಿಗೆ (ಕೈ ಇಡುವಷ್ಟು ಬಿಸಿ) 50 ಗ್ರಾಂ ಸಿಟ್ರಿಕ್ ಆ್ಯಸಿಡ್ ಹಾಕಿ ಕರಗಿಸಿ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿದರೆ ಕೊಡುತ್ತಾರೆ. ಪ್ಲಾಸ್ಟಿಕ್ ಬಕೆಟ್ಟೇ ಇರಲಿ, ಅಲ್ಯುಮಿನಿಯಂ ಬೇಡ. ಒಗೆದ ಡೈಪರ್ ಬಟ್ಟೆ ಒಂದು ಗಂಟೆ ನೆನೆಹಾಕಿ. ಹುಳಿ ಸುಣ್ಣವನ್ನು ಕರಗಿಸುತ್ತದೆ, ಕ್ಯಾಲ್ಸಿಯಂ ಸೋಪನ್ನು ಒಡೆದು ಕೊಬ್ಬಾಗಿಸುತ್ತದೆ. ಆ ಕೊಬ್ಬು ಇನ್ನೂ ಬಟ್ಟೆಯಲ್ಲೇ ಇರುತ್ತದೆ, ಇಲ್ಲಿಗೇ ನಿಲ್ಲಿಸಿದರೆ ಮತ್ತೆ ನೀರು ಹೀರುವುದಿಲ್ಲ. ಆದ್ದರಿಂದ ಎರಡು ಸಲ ಜಾಲಿಸಿ ಮಷೀನಿಗೆ ಹಾಕಿ, 60 ಡಿಗ್ರಿಯಲ್ಲಿ ಡಿಟರ್ಜೆಂಟ್ ಪುಡಿ ಪೂರ್ತಿ ಅಳತೆ, ಜೊತೆಗೆ ವಾಷಿಂಗ್ ಸೋಡ. ಆಮೇಲೆ ಹೆಚ್ಚುವರಿ ರಿನ್ಸ್ ಒಂದು. ನಿಂಬೆ ಉಪ್ಪು ಮತ್ತು ಸೋಡ ಒಟ್ಟಿಗೆ ಹಾಕುವವರಿದ್ದಾರೆ. ನೊರೆ ಉಕ್ಕುತ್ತದೆ, ನೋಡಲು ಕೆಲಸ ಆಗುತ್ತಿದೆ ಅನಿಸುತ್ತದೆ, ಆದರೆ ಎರಡೂ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಹೆಚ್ಚುಕಡಿಮೆ ಬರೀ ಉಪ್ಪುನೀರು. ಬ್ಲೀಚಿಂಗ್ ಪುಡಿಯನ್ನಂತೂ ಯಾವ ಹುಳಿಯ ಜೊತೆಗೂ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಸೋಡ ಎಷ್ಟು? ಗಡಸುತನ 400 ಇದ್ದು ಮಷೀನು 20 ಲೀಟರ್ ನೀರು ತೆಗೆದುಕೊಂಡರೆ ಒಟ್ಟು 8 ಗ್ರಾಂ ಸುಣ್ಣ. ಅದಕ್ಕೆ ಪುಡಿ ರೂಪದ ಸೋಡ ಸುಮಾರು 8.5 ಗ್ರಾಂ, ಹರಳು ರೂಪದ್ದಾದರೆ ಅದರಲ್ಲಿ ನೀರಿನ ಅಂಶ ಇರುವುದರಿಂದ 23 ಗ್ರಾಂ. ಅಂದಾಜು ಒಂದು ದೊಡ್ಡ ಚಮಚ ಪುಡಿ, ಅಥವಾ ಎರಡು ದೊಡ್ಡ ಚಮಚ ಹರಳು. ಅಡುಗೆ ಸೋಡ ಬೇರೆ, ಅದು ಈ ಕೆಲಸಕ್ಕೆ ಸಾಲದು. ಸೋಡ ಗಡಸುತನವನ್ನು ಬಿಳಿ ಪುಡಿಯಾಗಿ ಇಳಿಸುತ್ತದೆ, ಅದರಲ್ಲಿ ಸ್ವಲ್ಪ ಬಟ್ಟೆಯಲ್ಲಿ ಕೂರುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ನಿಂಬೆ ಉಪ್ಪಿನ ನೆನೆ ಇರಲಿ. ಪ್ರತಿ ರಿನ್ಸ್‌ಗೂ ವಿನೆಗರ್ ಹಾಕಿದರೆ ಎಲಾಸ್ಟಿಕ್ ಬೇಗ ಹಾಳಾಗುತ್ತದೆ.

ದಿನನಿತ್ಯಕ್ಕೆ: ಮಲ ಇದ್ದದ್ದನ್ನು ಕಮೋಡಿಗೆ ಜೆಟ್ ಸ್ಪ್ರೇ ಹಿಡಿದು ತೊಳೆಯಿರಿ. ಉಚ್ಚೆಯದನ್ನು ಒಮ್ಮೆ ನೀರಲ್ಲಿ ಹಿಂಡಿ ತೂತಿರುವ ಬುಟ್ಟಿಯಲ್ಲಿ ಗಾಳಿಯಾಡುವಂತೆ ಇಡಿ. ಬಕೆಟ್ಟಿನಲ್ಲಿ ನೆನೆಹಾಕಿ ಇಡುವ ಪದ್ಧತಿ ಬೇಡವೇ ಬೇಡ. ನಾತ ಹೆಚ್ಚುತ್ತದೆ ಅನ್ನುವುದು ಒಂದು ಕಡೆ, ಅಂಬೆಗಾಲಿಡುವ ಮಗು ಒಂದು ಗೇಣು ನೀರಿನಲ್ಲೂ ಮುಳುಗಬಹುದು ಅನ್ನುವುದು ಅದಕ್ಕಿಂತ ದೊಡ್ಡ ಕಾರಣ. ಎರಡು ದಿನಕ್ಕಿಂತ ಹೆಚ್ಚು ಕೂಡಿಡಬೇಡಿ. ಮೊದಲು ತಣ್ಣೀರಲ್ಲಿ ಚಿಕ್ಕ ಸುತ್ತು, ಆಮೇಲೆ 60 ಡಿಗ್ರಿ. ಮೊದಲೇ ಬಿಸಿನೀರು ಬಿದ್ದರೆ ಮಲದ ಕಲೆ ಕೂತುಬಿಡುತ್ತದೆ. ಡ್ರಮ್ಮು ಮುಕ್ಕಾಲು ತುಂಬಿರಲಿ, ಕಡಿಮೆ ಬಟ್ಟೆ ಹಾಕಿದರೆ ಉಜ್ಜಾಟ ಆಗುವುದಿಲ್ಲ. ಫ್ಯಾಬ್ರಿಕ್ ಕಂಡೀಷನರ್ ಯಾವತ್ತೂ ಬೇಡ, ಅದು ಎಳೆಯ ಮೇಲೆ ಜಿಡ್ಡಿನ ಪದರ ಬಿಡುತ್ತದೆ.

ಪರೀಕ್ಷೆ ಸುಲಭ. ಒಣಗಿದ ಬಟ್ಟೆಯ ಮೇಲೆ ಒಂದು ಚಮಚ ನೀರು ಸುರಿಯಿರಿ. ಮಣಿಮಣಿಯಾಗಿ ಉರುಳಿದರೆ ಪದರ ಇನ್ನೂ ಹೋಗಿಲ್ಲ. ತಕ್ಷಣ ಇಂಗಿದರೆ ಗೆದ್ದಿರಿ.

---

ಸೀಗೆಬೇಲಿ

ನೀರಿನಲೆಕ್ಕ ಅವರು ಹೇಳಿದ್ದು ಸರಿ, ಆದರೆ ಅಂಟುವಾಳವನ್ನು ಪೂರ್ತಿ ಮೂಲೆಗೆ ಸೇರಿಸುವುದು ಬೇಡ. ಅದರ ಕೆಲಸ ಬೇರೆ. ಸಪೋನಿನ್ ಅನ್ನುವ ಅಂಶದಿಂದ ನೊರೆ ಬರುತ್ತದೆ, ತೆಳು ಕೊಳೆ, ಬೆವರು ಹೋಗುತ್ತದೆ. ಮಲ, ಉಚ್ಚೆ, ಎಣ್ಣೆ ಕ್ರೀಮು ಅಂಟಿದ ದಪ್ಪ ಹತ್ತಿಗೆ ಅದರ ಶಕ್ತಿ ಸಾಲದು, ತಣ್ಣೀರಲ್ಲಂತೂ ಇಲ್ಲ. ರೇಷ್ಮೆ, ಉಣ್ಣೆ, ಮಗುವಿನ ಕುಲಾವಿ, ಸ್ವೆಟರು, ದುಪ್ಪಟಿ, ಬಣ್ಣ ಬಿಡುವ ಇಳಕಲ್ ಸೀರೆ, ಇವಕ್ಕೆ ಅಂಟುವಾಳದಷ್ಟು ಒಳ್ಳೆಯದು ಇನ್ನೊಂದಿಲ್ಲ. ಡೈಪರಿಗೆ ಡಿಟರ್ಜೆಂಟ್, ಉಳಿದದ್ದಕ್ಕೆ ಅಂಟುವಾಳ ಅಂತ ಹಂಚಿಕೊಳ್ಳಿ.

ಮಾಡುವ ರೀತಿ: ಬೀಜ ತೆಗೆದ 10 ಕಾಯಿಯ ಸಿಪ್ಪೆ ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸಿ, ಆರಿದ ಮೇಲೆ ಕೈಯಲ್ಲಿ ಹಿಸುಕಿ ಬಟ್ಟೆಯಲ್ಲಿ ಸೋಸಿ. ಒಂದು ಬಕೆಟ್ಟಿಗೆ ಅರ್ಧ ಲೋಟ ಸಾಕು. ಹೊರಗಿಟ್ಟರೆ ಎರಡು ಮೂರು ದಿನಕ್ಕೆ ಹುಳಿತು ನಾರುತ್ತದೆ, ಫ್ರಿಜ್ಜಿನಲ್ಲಿ ಒಂದು ವಾರ ಬರುತ್ತದೆ. ಹುಳಿತ ನೀರಿನಲ್ಲಿ ಮಗುವಿನ ಬಟ್ಟೆ ಒಗೆಯಬೇಡಿ. ಬಿಳಿ ಬಟ್ಟೆಗೆ ಕಂದು ಛಾಯೆ ಬರುತ್ತದೆ, ಅದು ಕೊಳೆಯಲ್ಲ, ಕಾಯಿಯ ಬಣ್ಣ.

ಒಂದು ಎಚ್ಚರಿಕೆ. ಗಿಡದಿಂದ ಬಂದದ್ದು ಅಂದ ಮಾತ್ರಕ್ಕೆ ನಿರಪಾಯ ಅಲ್ಲ. ಅಂಟುವಾಳದ ನೀರು ಕಣ್ಣಿಗೆ ಬಿದ್ದರೆ ವಿಪರೀತ ಉರಿ. ಹಿಂದೆ ಹಳ್ಳದಲ್ಲಿ ಮೀನು ಹಿಡಿಯಲು ಇಂಥ ನೊರೆಕಾಯಿಗಳನ್ನು ಜಜ್ಜಿ ಹಾಕುತ್ತಿದ್ದರು, ಮೀನಿಗೆ ಅದು ವಿಷ. ನಾಲ್ಕು ವರ್ಷದ ಹುಡುಗ ಇರುವ ಮನೆಯಲ್ಲಿ ಜ್ಯೂಸಿನ ಬಾಟಲಿಯಲ್ಲಿ ತುಂಬಿಡಬೇಡಿ. ನೋಡಲು ಥೇಟ್ ಬೆಲ್ಲದ ಪಾನಕ.

---

ಸೂಜಿದಾರ

ಬಟ್ಟೆಯ ಬಗ್ಗೆ ನಾನು ಹೇಳುತ್ತೇನೆ. ನಿಮ್ಮ ಹತ್ತಿರ ಇರುವ ಎರಡರಲ್ಲಿ ಪಂಚೆಯ ಚೌಕವೇ ಮೇಲು. ಒಂದೇ ಪದರ, ಬೇಗ ಶುದ್ಧವಾಗುತ್ತದೆ, ಬೇಗ ಒಣಗುತ್ತದೆ. ಕೊಂಡ ಪಾಕೆಟ್ ಡೈಪರಿನ ಒಳಗಿನ ಪ್ಯಾಡು ಮೈಕ್ರೋಫೈಬರ್ ಆಗಿದ್ದರೆ (ಟರ್ಕಿ ಟವೆಲ್ಲಿನಂಥ ಬಿಳಿ ಸಿಂಥೆಟಿಕ್ ಬಟ್ಟೆ, ಕೈಯ ಒರಟು ಚರ್ಮಕ್ಕೆ ಕಚ್ಚುತ್ತದೆ) ಅದನ್ನು ಪಾಕೆಟ್ಟಿನ ಒಳಗೇ ಇಡಿ, ನೇರ ಚರ್ಮಕ್ಕೆ ತಾಗಿಸಬೇಡಿ. ಚರ್ಮದ ಪಸೆಯನ್ನೂ ಹೀರಿಬಿಡುತ್ತದೆ. ಸಿಂಥೆಟಿಕ್ ಎಳೆ ಜಿಡ್ಡು ಮತ್ತು ವಾಸನೆ ಹಿಡಿದುಕೊಳ್ಳುವುದೂ ಹೆಚ್ಚು. ಜೊತೆಗೆ ಒತ್ತಿದರೆ ನೀರು ಬಿಡುತ್ತದೆ, ಮಗು ಕೂತಾಗ ಪಕ್ಕದಿಂದ ಸೋರುವುದು ಅದಕ್ಕೇ.

ಹೊಲಿಯುವುದಾದರೆ: ಹಳೇ ಮಲ್ (ತೆಳು ಹತ್ತಿ ಬಟ್ಟೆ) ಪಂಚೆಯಿಂದ 70 ಸೆಂ.ಮೀ. ಚೌಕ ಕತ್ತರಿಸಿ ಅಂಚು ಮಡಚಿ ಹೊಲಿಯಿರಿ. ಉದ್ದಕ್ಕೆ ಮೂರು ಮಡಿಕೆ ಮಾಡಿ ಪ್ಯಾಡಿನಂತೆ ಕವರಿನ ಒಳಗಿಡಬಹುದು, ತ್ರಿಕೋನ ಮಡಚಿ ಲಾಡಿಯಿಂದ ಸೊಂಟಕ್ಕೆ ಕಟ್ಟಲೂಬಹುದು. ಪಿನ್ನು ಬೇಡ. ಮಧ್ಯಕ್ಕೆ ಹೆಚ್ಚು ಹೀರಲು 35×12 ಸೆಂ.ಮೀ. ಅಳತೆಯ ಹತ್ತಿ ಫ್ಲಾನೆಲ್ ಪಟ್ಟಿ, ನಾಲ್ಕು ಪದರ. ನಾಲ್ಕನ್ನೂ ಸುತ್ತ ಹೊಲಿದು ಮುಚ್ಚಬೇಡಿ, ಒಂದು ತುದಿಯಲ್ಲಿ ಮಾತ್ರ ಸೇರಿಸಿ ಬಿಡಿ. ಒಣಹಾಕುವಾಗ ಎಲೆಎಲೆಯಾಗಿ ಬಿಚ್ಚಿಕೊಳ್ಳುತ್ತದೆ.

ಹೊಸ ಹತ್ತಿ ಬಟ್ಟೆ ತಂದರೆ ಮೊದಲ ದಿನವೇ ಹೀರಲಿಲ್ಲ ಅಂತ ಬಿಸಾಡಬೇಡಿ. ಅದರಲ್ಲಿ ಗಂಜಿ ಇರುತ್ತದೆ, ಹತ್ತಿಯ ಸ್ವಂತ ಮೇಣವೂ ಇರುತ್ತದೆ. ಬಿಸಿನೀರಲ್ಲಿ ನಾಲ್ಕೈದು ಸಲ ಒಗೆದು ಒಣಗಿಸಿದ ಮೇಲೆ ಹೀರುವ ಗುಣ ಬರುತ್ತದೆ. ನೀರು ತಡೆಯುವ ಹೊರಕವರನ್ನು 40 ಡಿಗ್ರಿ ಮೀರಿ ಒಗೆಯಬೇಡಿ, ಇಸ್ತ್ರಿ ಮುಟ್ಟಿಸಲೇಬೇಡಿ, ಒಳಪದರ ಬಿಟ್ಟುಕೊಳ್ಳುತ್ತದೆ.

ತೊಡೆಯ ಎಲಾಸ್ಟಿಕ್ ಒಳಗೆ ನಿಮ್ಮ ಎರಡು ಬೆರಳು ಆಡಬೇಕು. ಏಳು ತಿಂಗಳಿಗೆ ಹಗಲಲ್ಲಿ ಎರಡು ಮೂರು ಗಂಟೆಗೊಮ್ಮೆ, ಮಲವಾದರೆ ತಕ್ಷಣ ಬದಲಿಸಿ. ದಿನ ಬಿಟ್ಟು ದಿನ ಒಗೆಯುವ ಮನೆಗೆ ಇಪ್ಪತ್ತನಾಲ್ಕು ಚೌಕ, ಐದಾರು ಕವರು ಸಾಕು.

ತೊಡೆಸಂದಿಯ ಕೆಂಪು ಮಡಿಕೆಯ ಒಳಗೆ ಹೊಳೆಯುವಂತಿದ್ದು, ಸುತ್ತ ಸಣ್ಣ ಸಣ್ಣ ಕೆಂಪು ಚುಕ್ಕೆ ಇದ್ದರೆ ಅದು ಫಂಗಸ್ ಆಗಿರಬಹುದು. ಮಕ್ಕಳ ಡಾಕ್ಟರಿಗೆ ತೋರಿಸಿ. ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ. ಝಿಂಕ್ ಕ್ರೀಮು ಹಚ್ಚುವುದಾದರೆ ಮೇಲೆ ಒಂದು ತೆಳು ಮಲ್ ತುಂಡು ಹಾಸಿ, ಇಲ್ಲದಿದ್ದರೆ ಕ್ರೀಮು ಡೈಪರ್ ಬಟ್ಟೆಗೇ ಮೆತ್ತಿಕೊಂಡು ಮತ್ತೆ ಅದೇ ಕಥೆ.

---

ರಾಗಿಕಣ_ಮಂಡ್ಯ

ರಾಗಿ ಸರಿ ಕಹಿಯಾಗಲು ಮೂರು ಕಾರಣ ಇರುತ್ತವೆ: ಮೊಳಕೆ ಉದ್ದ ಬಿಟ್ಟದ್ದು, ಬೇರು ಉದುರಿಸದೆ ಬೀಸಿದ್ದು, ಹುರಿಯುವಾಗ ಉರಿ ಜಾಸ್ತಿಯಾದದ್ದು. ಹಳೇ ಹಿಟ್ಟಾದರೆ ನಾಲ್ಕನೆಯದು, ಕಮಟು ಹಿಡಿದಿರುವುದು.

ಅರ್ಧ ಕೆಜಿಗಿಂತ ಹೆಚ್ಚು ಒಮ್ಮೆಗೆ ಮಾಡಬೇಡಿ. ರಾಗಿಯನ್ನು ಮೊರದಲ್ಲಿ ಕೇರಿ, ನಾಲ್ಕೈದು ನೀರಲ್ಲಿ ತೊಳೆದು ಕಲ್ಲು ಜಾಲಿಸಿ. ಮಣ್ಣಿನ ಹೆಂಟೆ ರಾಗಿಯ ಬಣ್ಣವೇ ಇರುತ್ತದೆ, ಇಲ್ಲಿ ಅವಸರ ಬೇಡ. 10ರಿಂದ 12 ಗಂಟೆ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಿ. ಆಮೇಲೆ ತೆಳು ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ಜರಡಿ ಪಾತ್ರೆಯಲ್ಲಿಟ್ಟು ಆಗಾಗ ನೀರು ಚಿಮುಕಿಸಿ. ಬೇಸಿಗೆಯಲ್ಲಿ ಒಂದು ದಿನ, ಚಳಿಗಾಲದಲ್ಲಿ ಒಂದೂವರೆಯಿಂದ ಎರಡು ದಿನ. ಮೊಳಕೆ ಬಿಳಿಯಾಗಿ ಇಣುಕಿ ಮೂರು ನಾಲ್ಕು ಮಿಲಿಮೀಟರ್ ಆದರೆ ಸಾಕು. ಬಿಗಿಯಾಗಿ ಕಟ್ಟಿದರೆ ಗಂಟಿನ ನಡುವೆ ಬಿಸಿಯಾಗಿ ಲೋಳೆ ಬರುತ್ತದೆ. ಲೋಳೆ, ಬೂಷ್ಟಿನ ವಾಸನೆ ಬಂದರೆ ಮುಲಾಜಿಲ್ಲದೆ ಗಿಡಕ್ಕೆ ಹಾಕಿ, ತೊಳೆದು ಬಳಸಬೇಡಿ.

ಬಿಳಿ ಬಟ್ಟೆ ಮೇಲೆ ತೆಳುವಾಗಿ ಹರವಿ ಒಣಗಿಸಿ. ಕಚ್ಚಿದರೆ ಕಟ್ ಅನ್ನಬೇಕು. ನಿಮ್ಮ ಬಾಲ್ಕನಿಯ ಬಿಸಿಲಿಗೆ ಎರಡು ಮೂರು ದಿನ ಬೇಕಾದೀತು, ಮಧ್ಯಾಹ್ನದ ಮೇಲೆ ಫ್ಯಾನಿನ ಕೆಳಗೆ ಹಾಕಿ. ಒಣಗಿದ್ದನ್ನು ಅಂಗೈಯಲ್ಲಿ ಉಜ್ಜಿ ಮೊರದಲ್ಲಿ ಕೇರಿದರೆ ಬೇರುಗಳೆಲ್ಲ ಹಾರಿಹೋಗುತ್ತವೆ. ಕಹಿ ಹೆಚ್ಚಾಗಿ ಇರುವುದು ಈ ಬೇರಿನಲ್ಲಿ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿ, ಘಮ ಬರುವವರೆಗೆ ಕೈ ಬಿಡದೆ ಹುರಿದು ತಕ್ಷಣ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಬಾಣಲೆಯ ಬಿಸಿಗೇ ಸೀಯುತ್ತದೆ. ಪೂರ್ತಿ ಆರಿದ ಮೇಲೆ ಮಿಕ್ಸಿಯಲ್ಲಿ ಬೀಸಿ ತೆಳು ಬಟ್ಟೆಯಲ್ಲಿ ಸೋಸಿ. ಗಿರಣಿಗೆ ಕೊಟ್ಟರೆ ಹಿಂದಿನವರ ಮೆಣಸಿನಕಾಯಿಯೋ ಗೋಧಿಯೋ ಸೇರುತ್ತದೆ. ಬಟ್ಟೆಯಲ್ಲಿ ಉಳಿದ ತೌಡು ದೊಡ್ಡವರ ರೊಟ್ಟಿ ಹಿಟ್ಟಿಗೆ ಹಾಕಿ.

ಈಗ ಗಟ್ಟಿಯಾಗುವ ಪ್ರಶ್ನೆ. ಮೊಳಕೆಯಲ್ಲಿ ಅಮೈಲೇಸ್ ಅನ್ನುವ ಕಿಣ್ವ ಹುಟ್ಟುತ್ತದೆ, ಅದು ಪಿಷ್ಟವನ್ನು ಒಡೆದು ಸರಿಯನ್ನು ತೆಳು ಮಾಡುತ್ತದೆ. ಹುರಿದಾಗ ಅದು ಹೆಚ್ಚಾಗಿ ಸತ್ತುಹೋಗುತ್ತದೆ. ಆದ್ದರಿಂದ ಹುರಿಯುವ ಮೊದಲೇ ಒಂದು ಹಿಡಿ ಒಣ ಮೊಳಕೆ ರಾಗಿ ತೆಗೆದಿಟ್ಟು ಬೇರೆಯಾಗಿ ಬೀಸಿಕೊಳ್ಳಿ. ಎರಡು ದೊಡ್ಡ ಚಮಚ ಹುರಿದ ಹಿಟ್ಟನ್ನು ಒಂದು ಲೋಟ (200 ಮಿ.ಲೀ.) *ತಣ್ಣೀರಿನಲ್ಲಿ* ಕಲಸಿ, ಆಮೇಲೆ ಒಲೆಗಿಡಿ. ಬಿಸಿನೀರಿಗೆ ಹಿಟ್ಟು ಹಾಕಿದರೆ ಹೊರಪದರ ಬೆಂದು ಒಳಗೆ ಒಣಹಿಟ್ಟು ಉಳಿದು ಗಂಟಾಗುತ್ತದೆ. ಎಂಟು ಹತ್ತು ನಿಮಿಷ ತಿರುವುತ್ತ ಬೇಯಿಸಿ. ಇಳಿಸಿ, ಹಬೆ ಸ್ವಲ್ಪ ತಗ್ಗಿದ ಮೇಲೆ ಹುರಿಯದ ಹಿಟ್ಟು ಅರ್ಧ ಚಿಕ್ಕ ಚಮಚ ಬೆರೆಸಿ ಐದು ನಿಮಿಷ ಮುಚ್ಚಿಡಿ. ಕಣ್ಣೆದುರೇ ತೆಳುವಾಗುತ್ತದೆ. ಕುದಿಯುವಾಗಲೇ ಹಾಕಿದರೆ ಕಿಣ್ವ ಸತ್ತು ಏನೂ ಆಗುವುದಿಲ್ಲ. ಕೊನೆಗೆ ಮತ್ತೊಮ್ಮೆ ಚೆನ್ನಾಗಿ ಕುದಿಸಲೇಬೇಕು, ಹುರಿಯದ ಮೊಳಕೆಹಿಟ್ಟಿನಲ್ಲಿ ರೋಗಾಣು ಇರುತ್ತವೆ.

ಇದರ ಲಾಭ ಏನೆಂದರೆ ನೀರು ಸುರಿದು ತೆಳು ಮಾಡಿದರೆ ಮಗುವಿನ ಪುಟ್ಟ ಹೊಟ್ಟೆ ನೀರಿನಿಂದ ತುಂಬುತ್ತದೆ. ಹೀಗೆ ಮಾಡಿದರೆ ಹಿಟ್ಟು ಅಷ್ಟೇ ಇದ್ದು ನುಂಗಲು ಸುಲಭ. ಆದರೂ ತೀರಾ ನೀರಾಗಿಸಬೇಡಿ, ಚಮಚ ಓರೆ ಮಾಡಿದರೆ ಒಮ್ಮೆಗೇ ಸುರಿದುಹೋಗಬಾರದು.

ಒಂದು ವರ್ಷದವರೆಗೆ ಉಪ್ಪು, ಸಕ್ಕರೆ, ಬೆಲ್ಲ ಬೇಡ. ಜೇನುತುಪ್ಪ ನೆಕ್ಕಿಸುವುದಂತೂ ಬೇಡ, ಅದರಲ್ಲಿ ಬಾಟ್ಯುಲಿಸಂ ರೋಗಾಣುವಿನ ಬೀಜಾಣು ಇರಬಹುದು. ಕರಾವಳಿಯ ಕಡೆಯವರು ರಾಗಿ ಹಾಲು ತೆಗೆದು ಮಣ್ಣಿ ಮಾಡುತ್ತಾರಲ್ಲ, ಅದೂ ಒಳ್ಳೆಯದೇ, ಬೆಲ್ಲ ಬಿಟ್ಟು ಮಾಡಿ.

ಬರೀ ರಾಗಿಯ ಮೇಲೆ ನಿಲ್ಲಬೇಡಿ ಅನ್ನುವುದನ್ನು ಒತ್ತಿ ಹೇಳುತ್ತೇನೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ಹಾಗಾಗಿ ನಮ್ಮವರಿಗೆ ಅದರ ಮೇಲೆ ಭಕ್ತಿ. ಕಬ್ಬಿಣದ ಅಂಶ ಅಷ್ಟಿಲ್ಲ, ಇರುವುದೂ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಈ ವಯಸ್ಸಿಗೆ ಕಬ್ಬಿಣವೇ ಹೆಚ್ಚು ಬೇಕಾದದ್ದು. ಒಂದು ಹೊತ್ತು ಸರಿ ಇರಲಿ, ಇನ್ನೊಂದು ಹೊತ್ತು ಹೆಸರುಬೇಳೆ ಅನ್ನ ಮೆತ್ತಗೆ ಬೇಯಿಸಿ ಸೊಪ್ಪು ಮಸೆದು ಕೊಡಿ, ನಾಲ್ಕು ಹನಿ ನಿಂಬೆರಸ ಹಿಂಡಿ. ತಿನ್ನುವ ಮನೆಯಾದರೆ ಮೊಟ್ಟೆ, ಮೀನು. ಬಾದಾಮಿ, ಗೋಡಂಬಿ ಪುಡಿಯನ್ನು ಸರಿ ಹಿಟ್ಟಿಗೆ ಮೊದಲೇ ಬೆರೆಸಿಡಬೇಡಿ, ಬೇಗ ಕಮಟುತ್ತದೆ. ಅಲರ್ಜಿ ಆದರೆ ಯಾವುದರಿಂದ ಅಂತಲೂ ತಿಳಿಯುವುದಿಲ್ಲ.

---

ಪುಟ್ಟಿಯಮ್ಮ_ಯಲಹಂಕ

ಎಲ್ಲರಿಗೂ ತುಂಬಾ ಧನ್ಯವಾದ. ನಿಂಬೆ ಉಪ್ಪು ಇವತ್ತೇ ತರಿಸುತ್ತೇನೆ. ಎರಡು ಅನುಮಾನ ಉಳಿದಿವೆ. ಜೂನ್‌ನಿಂದ ಮಳೆ ಹಿಡಿದರೆ ಬಾಲ್ಕನಿಯಲ್ಲಿ ಒಣಗುವುದಿಲ್ಲ, ಡ್ರೈಯರ್ ತಗೊಳ್ಳೋಣ ಅಂತ ಮನೆಯವರು ಹೇಳುತ್ತಿದ್ದಾರೆ. ಅತ್ತೆ ಸಾಂಬ್ರಾಣಿ ಹೊಗೆಯಲ್ಲಿ ಬಟ್ಟೆ ಕಾಯಿಸಿದರೆ ಸಾಕು ಅನ್ನುತ್ತಾರೆ. ಮತ್ತೆ ರಾತ್ರಿಗೆ ಏನು ಮಾಡುವುದು?

---

ಕಡಲತಡಿ

ಅಕ್ಕಾ, ಬೆಂಗಳೂರಿನ ಮಳೆಗೆ ಡ್ರೈಯರ್ ಬೇಕಾಗಿಲ್ಲ. ಪರಿಸರದ ಕಾಳಜಿಯಿಂದ ಬಟ್ಟೆ ಡೈಪರಿಗೆ ಬಂದವರಂತೂ ಅದನ್ನು ತರಲೇಬಾರದು. 2008ರಲ್ಲಿ ಬ್ರಿಟನ್ನಿನ ಪರಿಸರ ಇಲಾಖೆಯ ಅಧ್ಯಯನದಲ್ಲಿ, ಒಂದು ಮಗುವಿನ ಎರಡೂವರೆ ವರ್ಷದ ಡೈಪರ್ ಬಳಕೆಗೆ ಬಿಸಾಡುವುದರಲ್ಲಿ 550 ಕೆಜಿ, ಬಟ್ಟೆಯದರಲ್ಲಿ ಸರಾಸರಿ 570 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊರಸೂಸುವಿಕೆ ಲೆಕ್ಕ ಬಂದಿತ್ತು. ಬಟ್ಟೆಯ ಲಾಭ ಇರುವುದು ಹಗ್ಗದ ಮೇಲೆ ಒಣಗಿಸಿದರೆ, ಮಷೀನು ತುಂಬಿಸಿ ಒಗೆದರೆ, ಅದೇ ಬಟ್ಟೆ ಎರಡನೇ ಮಗುವಿಗೂ ಬಂದರೆ. ಆಗ ಬಟ್ಟೆ ಸ್ಪಷ್ಟವಾಗಿ ಮುಂದೆ ಬರುತ್ತದೆ. ಡ್ರೈಯರ್ ಹಾಕಿದರೆ ಆ ಲಾಭವೆಲ್ಲ ಕರೆಂಟಿಗೆ ಹೋಗುತ್ತದೆ. ನಮ್ಮಲ್ಲಿ ಕಸದ ತೊಂದರೆ ಬೇರೆ ಲೆಕ್ಕ, ಬಿಸಾಡುವ ಡೈಪರ್ ಸ್ಯಾನಿಟರಿ ಕಸ, ಗೊಬ್ಬರವೂ ಆಗದು, ಮರುಬಳಕೆಯೂ ಆಗದು.

ಒಣಗಿಸಲು: ಒಗೆತ ಮುಗಿದ ಮೇಲೆ ಸ್ಪಿನ್ ಮಾತ್ರ ಇನ್ನೊಮ್ಮೆ, ಹೆಚ್ಚಿನ ವೇಗದಲ್ಲಿ ತಿರುಗಿಸಿ. ಅರ್ಧ ಕೆಲಸ ಅಲ್ಲೇ ಆಗುತ್ತದೆ. ಚೌಕಗಳನ್ನು ಜೋರಾಗಿ ಕೊಡವಿ ಒಂದೇ ಪದರದಲ್ಲಿ, ಒಂದಕ್ಕೊಂದು ತಾಗದಂತೆ ಸ್ಟ್ಯಾಂಡಿನ ಮೇಲೆ ಹರವಿ, ಕೋಣೆಯ ಕಿಟಕಿ ಒಂದಿಷ್ಟು ತೆರೆದು ಫ್ಯಾನು ಹಾಕಿ. ಕಿಟಕಿ ಮುಚ್ಚಿದರೆ ಬಟ್ಟೆಯ ತೇವವೆಲ್ಲ ಕೋಣೆಯ ಗಾಳಿಯಲ್ಲೇ ಉಳಿದು ಮುಗ್ಗಲು ವಾಸನೆ ಬರುತ್ತದೆ. ಹೊಲಿಗೆಯ ಅಂಚು ಕೊನೆಗೆ ಒಣಗುವುದು, ಅಲ್ಲಿ ಮುಟ್ಟಿ ನೋಡಿ. ತೇವದ ಅನುಮಾನ ಇದ್ದರೆ ಹತ್ತಿಯದನ್ನು ಮಾತ್ರ ಇಸ್ತ್ರಿ ಮಾಡಿ. ಬಿಸಿಲು ಸಿಕ್ಕ ದಿನ ಹಳದಿ ಕಲೆ ಇರುವುದನ್ನು ಒದ್ದೆಯಾಗಿಯೇ ಬಿಸಿಲಿಗೆ ಹಾಕಿ, ಕಲೆ ತಾನಾಗಿ ಮಾಸುತ್ತದೆ.

ಅತ್ತೆಯವರು ಹೇಳುವುದಕ್ಕೆ ಹಿನ್ನೆಲೆ ಇದೆ. ನಮ್ಮ ಕಡೆ ಆಷಾಢದಲ್ಲಿ ಬಚ್ಚಲ ಒಲೆಯ ಮೇಲಿನ ಗಳದಲ್ಲಿ ಮಗುವಿನ ಬಟ್ಟೆ ಒಣಗುತ್ತಿತ್ತು, ಹಂಡೆಯ ಬಿಸಿ ಸಿಗುತ್ತಿತ್ತು. ಹೆಂಚಿನ ಸಂದಿಯಿಂದ ಹೊಗೆ ಹೊರಗೆ ಹೋಗುತ್ತಿತ್ತು. ಫ್ಲ್ಯಾಟಿನಲ್ಲಿ ಕೆಂಡ ಇಟ್ಟು ಬಾಗಿಲು ಹಾಕಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಹೊಗೆ ಕೂಸಿನ ಎದೆಗೆ ಇಳಿಯುತ್ತದೆ. ಬಟ್ಟೆ ಬೆಚ್ಚಗಿರಬೇಕು ಅನ್ನುವ ಅವರ ಆಸೆಗೆ ಇಸ್ತ್ರಿ ಮಾಡಿದ ಬಟ್ಟೆ ಕೈಗೆ ಕೊಟ್ಟರೆ ಒಪ್ಪುತ್ತಾರೆ.

---

ನೀರಿನಲೆಕ್ಕ

ಬಯೋ ಎಂಜೈಮ್ ಬಗ್ಗೆ ಯಾರೂ ಹೇಳಲಿಲ್ಲ, ಆದ್ದರಿಂದ ನಾನೇ. ಗಾಜಿನ ಭರಣಿ ಬೇಡ. ಹುಳಿಯುವಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಬಿಗಿದ ಗಾಜು ಸಿಡಿಯುತ್ತದೆ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ, ಮೂರನೇ ಒಂದು ಭಾಗ ಖಾಲಿ. ಬೆಲ್ಲ 1, ಸಿಪ್ಪೆ 3, ನೀರು 10, ಎಲ್ಲ ತೂಕದಲ್ಲಿ: 100 ಗ್ರಾಂ, 300 ಗ್ರಾಂ, ಒಂದು ಲೀಟರ್. ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗಾಳಿ ಬಿಟ್ಟು, ತೇಲುವ ಸಿಪ್ಪೆ ಒಳಗೆ ಅದುಮಿ. ಮೂರು ತಿಂಗಳಿಗೆ ಸೋಸಿ. ಕಪ್ಪು ಬೂಷ್ಟು, ಕೊಳೆತ ನಾತ ಇದ್ದರೆ ಚೆಲ್ಲಿ.

ಬಳಕೆಗೆ ಒಂದು ಬಕೆಟ್ ನೀರಿಗೆ ಎರಡು ದೊಡ್ಡ ಚಮಚ. ಇದು ಹುಳಿ ದ್ರಾವಣ, ಆದ್ದರಿಂದ ಅಮೃತಶಿಲೆ, ಕೋಟಾ ಕಲ್ಲು, ಕಡಪ ಕಲ್ಲಿನ ಹೊಳಪು ತಿನ್ನುತ್ತದೆ. ವಿಟ್ರಿಫೈಡ್ ಟೈಲ್ಸಿಗೆ ಅಡ್ಡಿಯಿಲ್ಲ. ಬಚ್ಚಲ ನಲ್ಲಿಯ ಸುಣ್ಣದ ಕಲೆಗೆ ನೀರು ಬೆರೆಸದೆ ಹಚ್ಚಿದರೆ ಒಳ್ಳೆಯದು. ರೋಗಾಣು ಕೊಲ್ಲುತ್ತದೆ ಅಂತ ನೆಚ್ಚಬೇಡಿ. ನಿಜ ಹೇಳಬೇಕೆಂದರೆ ಅಂಬೆಗಾಲಿನ ಮಗು ಇರುವ ನೆಲಕ್ಕೆ ದಿನವೂ ಬರೀ ನೀರು, ದಿನವೂ ಒಗೆದ ಒರೆಸುಬಟ್ಟೆ ಸಾಕು. ಕೊಳಕು ಒರೆಸುಬಟ್ಟೆಗೆ ಯಾವ ದ್ರಾವಣ ಸೇರಿಸಿದರೂ ಕೊಳೆ ಹರಡುತ್ತದೆ, ಅಷ್ಟೇ. ಸಿಪ್ಪೆ ಜಾಸ್ತಿ ಇದ್ದರೆ ಕಾಂಪೋಸ್ಟಿಗೆ ಹಾಕಿ, ಎಂಜೈಮಿಗಾಗಿ ಬೆಲ್ಲ ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ.

---

ಸೂಜಿದಾರ

ರಾತ್ರಿಯ ಪ್ರಶ್ನೆಗೆ: ಪಂಚೆಯ ಚೌಕ ಎರಡು ಒಟ್ಟಿಗೆ ಮಡಚಿ, ನಡುವೆ ಸೆಣಬು-ಹತ್ತಿ ಮಿಶ್ರದ ಪಟ್ಟಿ ಒಂದು. ಗೋಣಿಯ ಸೆಣಬಲ್ಲ, ಹೆಂಪ್ ಎಂದು ಮಾರುವುದು. ಅದು ನಿಧಾನ ಹೀರುತ್ತದೆ, ಆದರೆ ಬಹಳ ಹಿಡಿಯುತ್ತದೆ. ಆದ್ದರಿಂದ ಹತ್ತಿಯ *ಕೆಳಗೆ* ಇರಬೇಕು, ಮೈಗೆ ತಾಗುವ ಕಡೆ ಇಟ್ಟರೆ ಇಂಗುವ ಮೊದಲೇ ಸೋರುತ್ತದೆ. ಮೇಲೆ ಹೊರಕವರು ಸರಿಯಾಗಿ ಕೂತಿದೆಯೇ, ಒಳಗಿನ ಬಟ್ಟೆಯ ಅಂಚು ತೊಡೆಯ ಹತ್ತಿರ ಹೊರಗೆ ಇಣುಕುತ್ತಿದೆಯೇ ನೋಡಿ. ಒಂದು ನೂಲು ಹೊರಗಿದ್ದರೂ ಅದೇ ದಾರಿಯಲ್ಲಿ ಹಾಸಿಗೆ ಒದ್ದೆ.

ಕೆಂಪು ವಾಸಿಯಾಗುವವರೆಗೆ ರಾತ್ರಿ ಒಮ್ಮೆ ಎದ್ದು ಬದಲಿಸಿ. ಅದು ಕಷ್ಟವಾದರೆ ಆ ಕೆಲವು ರಾತ್ರಿ ಅಂಗಡಿ ಡೈಪರನ್ನೇ ಹಾಕಿ, ಸಂಕೋಚ ಬೇಡ. ಬಳಸಿದ್ದನ್ನು ಮಲ ಕಮೋಡಿಗೆ ಕೊಡವಿ, ಹಳೇ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಕೆಂಪು ಬುಟ್ಟಿಗೆ ಹಾಕಿ. ಹಸಿಕಸದ ಜೊತೆ ಸೇರಿಸಿದರೆ ಪೌರಕಾರ್ಮಿಕರು ಬರಿಗೈಯಲ್ಲಿ ಆರಿಸಬೇಕಾಗುತ್ತದೆ.

ಹಗಲು ಊಟವಾದ ಮೇಲೆ ಅರ್ಧ ಗಂಟೆ ಮಗುವನ್ನು ಏನೂ ಕಟ್ಟದೆ ಚಾಪೆಯ ಮೇಲೆ ಬಿಡಿ. ಮಗನಿಗೆ ಒಣಗಿದ ಚೌಕಗಳನ್ನು ಮಡಚಿ ಜೋಡಿಸುವ ಕೆಲಸ ಕೊಡಿ, ನಾಲ್ಕು ವರ್ಷದ ಕೈಗೆ 70 ಸೆಂ.ಮೀ. ಚೌಕ ಸರಿಯಾದ ಅಳತೆ.